ಗೋಲಾದ ಕೆಳಗೆ ಹಾಸಿದ ಬಟ್ಟೆ

ಮೇಘಾ, ಧ್ರುವ,

ಹೋದ ವಾರ ಮೇಘಾ ಫೋನಿನಲ್ಲಿ ಒಂದು ಸುದ್ದಿ ಹೇಳಿದಳು. ಟ್ರಕ್ ವರ್ಕ್‌ಶಾಪಿನಲ್ಲಿ ಟ್ರೇನಿಂಗಿಗೆ ಸೇರಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ ಹಿಂದಿನ ಆಕ್ಸಲ್ಲಿನ ಪಿನಿಯನ್ ಸೀಲ್ ಬದಲಿಸುವುದಂತೆ. "ಅಜ್ಜಿ, ನೀನೂ ಅದೇ ಕೆಲ್ಸ ಮಾಡ್ತಿದ್ದಿ ಅಂತ ಪಪ್ಪಾ ಹೇಳಿದ್ರು, ಖರೇನಾ? ಹೆಂಗ ಮಾಡ್ತಿದ್ದಿ ಹೇಳು" ಎಂದು ಕೇಳಿದಳು. ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಜನ ಎದುರಿಗಿದ್ದರಂತೂ ಇನ್ನೂ ಬರುವುದಿಲ್ಲ. "ಹೂಂ, ಮಾಡ್ತಿದ್ದೆ" ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮಿಬ್ಬರಿಗೂ ಕನ್ನಡ ಅಕ್ಷರ ಕೂಡಿಸಿ ಓದುವುದು ಕಷ್ಟ. ನಿಮ್ಮಪ್ಪನ ಹತ್ತಿರ ಓದಿಸಿಕೊಳ್ಳಿ. ನಾನು ಕಲಿತದ್ದು ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಮಾತ್ರ, ತಪ್ಪಿದ್ದರೆ ತಿದ್ದಿಕೊಳ್ಳಿ. ಇನ್ನೊಂದು ಮಾತು. ವಡೋದರಾದ ಜನ ನನ್ನೊಡನೆ ಗುಜರಾತಿಯಲ್ಲೋ ಹಿಂದಿಯಲ್ಲೋ ಮಾತಾಡುತ್ತಿದ್ದರು. ಆದರೆ ಇಷ್ಟು ವರ್ಷಗಳ ಮೇಲೆ ಆ ಮಾತೆಲ್ಲ ನನ್ನ ಕಿವಿಯಲ್ಲಿ ನಮ್ಮ ಗದಗಿನ ಕಡೆಯ ಮಾತಾಗಿಯೇ ಉಳಿದಿದೆ. ಹಾಗೆಯೇ ಬರೆಯುತ್ತೇನೆ. ಮುಂದೆ ಬರುವ ಕಾಂತಿಭಾಯಿ ಮಿಸ್ತ್ರಿ ಗದಗಿನವರ ಹಾಗೆ ಮಾತಾಡಿದರೆ ನಗಬೇಡಿ.

ನಿಮ್ಮ ಅಜ್ಜ ವಡೋದರಾದ ಮಕರಪುರದಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿನ ಕಾರ್ಖಾನೆಗಳ ಮಷಿನುಗಳನ್ನು ಅಹಮದಾಬಾದಿಗೂ ಸೂರತ್ತಿಗೂ ಮುಟ್ಟಿಸುವ ಲಾರಿಗಳು ನಮ್ಮ ಸೇಠ್‌ರವು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಜ್ಜನಿಗೆ ಕಾಮಾಲೆ ಆಯಿತು, ಉಳಿಯಲಿಲ್ಲ. ನಿಮ್ಮಪ್ಪ ಮತ್ತು ಶಾಂತಾ ಅತ್ತೆ ಇಬ್ಬರೂ ಪ್ರಾಥಮಿಕ ಶಾಲೆಯಲ್ಲಿದ್ದರು. ನನ್ನ ಅಣ್ಣ ರುದ್ರಪ್ಪ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಸರಕಾರಿ ಕ್ವಾರ್ಟರ್ಸಿನಲ್ಲಿದ್ದ. "ಬಾ, ನಮ್ಮ ಕೂಡ ಇದ್ದುಬಿಡು" ಎಂದ. ಅತ್ತಿಗೆಯೂ ಒಳ್ಳೆಯವಳೇ. ಆದರೆ ಎರಡು ಕೋಣೆಯ ಮನೆಯಲ್ಲಿ ಅವಳ ತಂದೆ ತಾಯಿ, ಮೂರು ಮಕ್ಕಳು. ಅಲ್ಲಿ ನಾನು ಹೋದರೆ ಜೀವನವಿಡೀ ಇನ್ನೊಬ್ಬರ ಒಲೆಯ ಮುಂದೆ ಕೂರಬೇಕು, ನನ್ನ ಮಕ್ಕಳು ಇನ್ನೊಬ್ಬರ ಮಕ್ಕಳು ಬಿಟ್ಟ ಪುಸ್ತಕ ಓದಬೇಕು. ನಾನು ಬರುವುದಿಲ್ಲ ಎಂದೆ. ಅಣ್ಣನಿಗೆ ಅಷ್ಟು ಗಟ್ಟಿಯಾಗಿ ನಾನು ಹೇಳಿದ್ದು ಅದೇ ಮೊದಲು.

ಸೇಠ್ ನನಗೆ ಸಾಮಾನು ತೊಳೆಯುವ ಕೆಲಸ ಕೊಟ್ಟರು. ಯಾರ್ಡಿನ ಹಿಂಬದಿಯಲ್ಲಿ ತಗಡಿನ ದೊಡ್ಡ ತಟ್ಟೆ, ಅದರ ತುಂಬ ಡೀಸೆಲ್. ಬಿಚ್ಚಿದ ಗೇರು, ಬೇರಿಂಗು, ನಟ್ಟು ಎಲ್ಲ ಅಲ್ಲಿಗೆ ಬರುತ್ತಿದ್ದವು. ಬ್ರಷ್ಷಿನಿಂದ ಉಜ್ಜಿ, ಒರೆಸಿ, ಸಾಲಾಗಿ ಇಡಬೇಕು. ಯಾರ ಜೊತೆಗೂ ಮಾತಾಡಬೇಕಿರಲಿಲ್ಲ, ಅದಕ್ಕೇ ನನಗೆ ಆ ಮೂಲೆ ಹಿಡಿಸಿತು. ಮೇಘಾ, ಈ ಕೆಲಸವನ್ನು ಹೀನ ಎಂದು ತಿಳಿಯಬೇಡ. ಯಾವ ಸಾಮಾನು ಎಲ್ಲಿ ಸವೆಯುತ್ತದೆ, ಎಲ್ಲಿ ಸುಟ್ಟು ನೀಲಿಯಾಗುತ್ತದೆ ಎಂಬುದು ನನ್ನ ಬೆರಳುಗಳಿಗೆ ಗೊತ್ತಾದದ್ದು ಆ ತಟ್ಟೆಯಲ್ಲಿಯೇ.

ಆದರೆ ಡೀಸೆಲ್ ನನ್ನ ಕೈಗೆ ಆಗಿಬರಲಿಲ್ಲ. ಅಂಗೈ ಬಿರುಕು ಬಿಟ್ಟು ರಕ್ತ ಒಸರತೊಡಗಿತು. ಸಂಜೆ ಮನೆಗೆ ಬಂದು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಬೇಕೆಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ರೊಟ್ಟಿ ನಿಂತೇಹೋಯಿತು. ಮಕ್ಕಳು ಅನ್ನ, ಅಂಗಡಿಯ ಪಾವ್ ತಿಂದು ಇರುತ್ತಿದ್ದರು. ದವಾಖಾನೆಯಲ್ಲಿ ಮುಲಾಮು ಕೊಟ್ಟು, ಡೀಸೆಲ್ ಮುಟ್ಟುವುದನ್ನು ಬಿಡದಿದ್ದರೆ ಇದು ವಾಸಿಯಾಗುವುದಿಲ್ಲ ಎಂದರು.

ನನ್ನನ್ನು ಆ ತಟ್ಟೆಯಿಂದ ಎಬ್ಬಿಸಿದವರು ಕಾಂತಿಭಾಯಿ. ಅವರು ವರ್ಕ್‌ಶಾಪಿನ ಹೆಡ್ ಮಿಸ್ತ್ರಿ. ದಪ್ಪ ದೇಹ, ಮೊಣಕಾಲು ನೋವು, ಲಾರಿಯ ಕೆಳಗೆ ತೂರಲಾಗುತ್ತಿರಲಿಲ್ಲ. ಮೇಲಿನಿಂದಲೇ ಬಯ್ಯುತ್ತ ಕೆಲಸ ಮಾಡಿಸುತ್ತಿದ್ದರು. ಒಂದು ದಿನ ಫಿಟ್ಟರುಗಳು ಯಾರೂ ಬಿಡುವಿರಲಿಲ್ಲ. ಬೆಂಚಿನ ಮೇಲಿದ್ದ ಒಂದು ಹೌಸಿಂಗಿಗೆ ಆಯಿಲ್ ಸೀಲ್, ಅಂದರೆ ಎಣ್ಣೆ ಸೋರದಂತೆ ತಡೆಯುವ ಬಳೆ, ಕೂರಿಸು ಎಂದು ನನಗೆ ಹೇಳಿ ಚಹಾಕ್ಕೆ ಹೋದರು. ಫಿಟ್ಟರುಗಳು ಸೀಲಿನ ಮೇಲೆ ಕಟ್ಟಿಗೆ ತುಂಡು ಇಟ್ಟು ಒಂದೇ ಕಡೆ ಸುತ್ತಿಗೆಯಿಂದ ಹೊಡೆಯುವುದನ್ನು ನೋಡಿದ್ದೆ. ನನಗೆ ಹಾಗೆ ಕೈ ಬರಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟನ್ನು ತಿರುಗಿಸುತ್ತ ತಿರುಗಿಸುತ್ತ ಅಂಚಿಗೆ ಬಡಿಯುತ್ತೇವಲ್ಲ, ಹಾಗೆ ಸುತ್ತಲೂ ಮೆಲ್ಲಗೆ ತಟ್ಟುತ್ತ ಹೋದೆ. ಕಾಂತಿಭಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನ್ ನಡಸೀ ಬೆನ್? ಸೀಲ್ ಕುಂದರ್ಸು ಅಂದ್ರ ಅದರ ಕೈಕಾಲು ಒತ್ತಾಕತ್ತೀ ಏನ್?"

ಅಲ್ಲಿ ಹೆಂಗಸರನ್ನು ಬೆನ್, ಅಂದರೆ ಅಕ್ಕ, ಎಂದೇ ಕರೆಯುತ್ತಾರೆ. ನಾನು ತಲೆ ತಗ್ಗಿಸಿ ಸರಿದು ನಿಂತೆ. ಅವರು ಬಾಗಿ ಸೀಲಿನ ಅಂಚಿನ ಮೇಲೆ ಬೆರಳಾಡಿಸಿದರು. ಸುತ್ತಲೂ ಒಂದೇ ಸಮ ಕುಳಿತಿತ್ತು.

"ಇನ್ ಮ್ಯಾಲ ಸೀಲಿನ ಕೆಲಸ ಈಕೀದು" ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದರು. "ನೀವೆಲ್ಲಾ ಸೀಲ್ ಹೊಡೀತೀರಿ. ಈಕಿ ಕುಂದರ್ಸ್ತಾಳ."

ಸೇಠ್‌ಗೆ ಇದು ಇಷ್ಟವಾಗಲಿಲ್ಲ. ಹೆಂಗಸು ಲಾರಿಯ ಕೆಳಗೆ ಮಲಗುವುದು ಚೆನ್ನಾಗಿರುತ್ತದೆಯೇ ಎಂದರು. ಕಾಂತಿಭಾಯಿ, ಆಕೆಯ ಕೆಲಸ ಕೆಟ್ಟರೆ ನನ್ನನ್ನು ಕೇಳಿ ಎಂದು ಮಾತು ಕೊಟ್ಟರು. ಅಂದಿನಿಂದ ಸೀರೆಯ ಮೇಲೆ ನಿಮ್ಮ ಅಜ್ಜನ ಖಾಕಿ ಅಂಗಿ ತೊಟ್ಟು, ಸೆರಗನ್ನು ಬಿಗಿದು, ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೋಗತೊಡಗಿದೆ. ಕೆಲವು ತಿಂಗಳಲ್ಲಿ ಅಂಗೈ ಮಾಗಿತು. ಮನೆಯಲ್ಲಿ ಮತ್ತೆ ರೊಟ್ಟಿಯ ಸಪ್ಪಳ ಕೇಳಿತು.

ಈಗ ಮೇಘಾಗೆ ಕೆಲಸದ ಮಾತು. ಲಾರಿಯ ಹಿಂದಿನ ಎರಡು ಚಕ್ರಗಳ ನಡುವೆ ದುಂಡಗಿನ ದೊಡ್ಡ ಗಡ್ಡೆ ಇರುತ್ತದಲ್ಲ, ಅದನ್ನು ನಮ್ಮಲ್ಲಿ ಗೋಲಾ ಎನ್ನುತ್ತಿದ್ದರು. ನೀವು ಡಿಫರೆನ್ಷಿಯಲ್ ಎನ್ನುತ್ತೀರಿ. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟು ಗೋಲಾದ ಮೂಗಿಗೆ ಬಂದು ಸೇರುತ್ತದೆ. ಆ ಮೂಗಿನೊಳಗೆ ಪಿನಿಯನ್ ಎಂಬ ಸಣ್ಣ ಗೇರು, ಅದರ ಬಾಯಿಗೆ ಸೀಲು. ಒಳಗಿನ ಎಣ್ಣೆ ಹೊರಗೆ ಬರಬಾರದು, ಹೊರಗಿನ ಧೂಳು ಒಳಗೆ ಹೋಗಬಾರದು. ಇಷ್ಟೇ ಅದರ ಕೆಲಸ. ಆದರೆ ಅದು ಸೋರಿ ಎಣ್ಣೆ ಕಡಿಮೆಯಾದರೆ ಒಳಗಿನ ಕ್ರೌನ್ ಎಂಬ ದೊಡ್ಡ ಗೇರು, ಪಿನಿಯನ್ನು ಎರಡೂ ತಿಂದುಹೋಗುತ್ತವೆ.

ಮೊದಲು ಚಕ್ರಕ್ಕೆ ಕಲ್ಲು ಕೊಡು. ಬಿಚ್ಚುವ ಮುಂಚೆ ಶಾಫ್ಟಿಗೂ ಅದನ್ನು ಪಿನಿಯನ್ನಿಗೆ ಜೋಡಿಸುವ ಫ್ಲ್ಯಾಂಜಿಗೂ ಗುರುತು ಹಾಕಿಕೋ. ನಟ್ಟಿಗೂ ಗುರುತು. ಶಾಫ್ಟನ್ನು ಜೋತುಬಿಡಬೇಡ, ಹಗ್ಗದಿಂದ ಮೇಲಕ್ಕೆ ಕಟ್ಟು. ಫ್ಲ್ಯಾಂಜ್ ಬರಲಿಲ್ಲವೆಂದು ಸುತ್ತಿಗೆ ಎತ್ತಬೇಡ, ಎಳೆದು ತೆಗೆಯುವ ಪುಲ್ಲರ್ ಹಾಕು. ಹಳೆಯ ಸೀಲ್ ತೆಗೆದ ಮೇಲೆ ಪಿನಿಯನ್ ಹಿಡಿದು ಅಲ್ಲಾಡಿಸಿ ನೋಡು. ಅದೇ ಕುಣಿಯುತ್ತಿದ್ದರೆ ತಪ್ಪು ಬೇರಿಂಗಿನದು, ಸೀಲ್ ಬದಲಿಸಿ ಏನೂ ಆಗುವುದಿಲ್ಲ. ಫ್ಲ್ಯಾಂಜಿನ ಮೇಲೆ ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರಾಡಿಸು. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ ಎಂದು ಅರ್ಥ. ಹೊಸ ಸೀಲಿನ ತುಟಿಗೆ ಗ್ರೀಸ್ ಹಚ್ಚು, ಸ್ಪ್ರಿಂಗ್ ಇರುವ ಮುಖ ಒಳಗೆ ಎಣ್ಣೆಯ ಕಡೆಗೆ ಇರಲಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅಹಮದಾಬಾದಿನಲ್ಲಿ ನಮ್ಮ ಸೇಠ್‌ರದೇ ಇನ್ನೊಂದು ಯಾರ್ಡಿತ್ತು, ಅಲ್ಲಿ ಒಬ್ಬ ಹಳೆಯ ಫಿಟ್ಟರ್ ಮಾತಿನ ಭರದಲ್ಲಿ ಸೀಲನ್ನು ತಿರುವಿ ಹಾಕಿ ಗಾಡಿ ಕಳಿಸಿದ್ದ. ಅದು ಮಕರಪುರ ಮುಟ್ಟುವ ಹೊತ್ತಿಗೆ ರಸ್ತೆಗುಂಟ ಗೆರೆ ಎಳೆದುಕೊಂಡು ಬಂದಿತ್ತು. "ಗಾಡಿ ದಾರಿ ತಪ್ಪಬಾರದಂತ ಗುರುತ ಹಾಕಿ ಕಳಿಸ್ಯಾನ" ಎಂದು ಕಾಂತಿಭಾಯಿ ವರ್ಷಗಟ್ಟಲೆ ಅವನನ್ನು ಕಾಡಿದರು.

ನಟ್ಟನ್ನು ಬಿಗಿಯುವಾಗ ಸ್ಪ್ಲಿಟ್ ಪಿನ್ನಿನ ತೂತು ಹೊಂದಲಿಲ್ಲವೆಂದು ಹಿಂದಕ್ಕೆ ಸಡಿಲಿಸಬೇಡ. ಮುಂದಿನ ತೂತಿಗೆ ಬಿಗಿ. ಕೊನೆಗೆ ಕೈಯಿಂದ ತಿರುಗಿಸಿ ನೋಡು. ಹಗುರವಾಗಿಯೂ ಇರಬಾರದು, ಹಟ ಮಾಡುವಂತೆಯೂ ಇರಬಾರದು. ಈಗ ಇದಕ್ಕೆಲ್ಲ ಬಿಗಿ ಎಷ್ಟೆಂದು ತೋರಿಸುವ ಅಳತೆಯ ಪಾನಾ ಬಂದಿದೆ ಎಂದು ಕೇಳಿದ್ದೇನೆ. ಒಳ್ಳೆಯದು. ನಾನು ಸೇರಿದಾಗ ಹಳೆಯ ಗಾಡಿಗಳಿಗೆ ಇನ್ನೂ ಚರ್ಮದ ಸೀಲುಗಳಿದ್ದವು, ಹಾಕುವ ಮುಂಚೆ ಎಣ್ಣೆಯಲ್ಲಿ ನೆನೆಸಬೇಕಿತ್ತು. ರಬ್ಬರಿನವು ಬಂದ ಮೇಲೂ ಕಾಂತಿಭಾಯಿ ಅಭ್ಯಾಸಬಲದಿಂದ ಅವನ್ನೂ ನೆನೆಹಾಕುತ್ತಿದ್ದರು. ಯಾರಾದರೂ ನಕ್ಕರೆ "ನೆನದ್ರ ಯಾರಿಗೇನ್ ಲುಕ್ಸಾನ್" ಎನ್ನುತ್ತಿದ್ದರು.

ಇನ್ನು ಭೀಖಾಭಾಯಿಯ ಗಾಡಿಯ ಸಂಗತಿ.

ದೀಪಾವಳಿ ಬಂದರೆ ಗುಜರಾತಿನಲ್ಲಿ ವ್ಯಾಪಾರ ನಿಲ್ಲುತ್ತದೆ. ಲಾಭ ಪಂಚಮಿಯ ದಿನ ಪೂಜೆ ಮಾಡಿ ಮತ್ತೆ ಶುರು. ಆ ನಡುವಿನ ದಿನಗಳಲ್ಲಿ ನಮ್ಮ ಲಾರಿಗಳೆಲ್ಲ ಯಾರ್ಡಿನಲ್ಲಿ ಸಾಲಾಗಿ ನಿಂತು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವು. ಬಣ್ಣದವರು ಛಗನ್‌ಕಾಕಾ. ಹೂವು, ನವಿಲು, ಅಕ್ಷರ ಎಲ್ಲ ಬರೆಯುತ್ತಿದ್ದರು. ಆದರೆ ಅವರಿಗೆ ಹೆಸರು ಬಂದದ್ದು ಗೋಲಾದ ಮೇಲೆ ಬರೆಯುವ ರಾಕ್ಷಸನ ಮುಖದಿಂದ. ಹಿಂದೆ ಬರುವವರ ದೃಷ್ಟಿ ತಾಗದಿರಲಿ ಎಂದು ಬರೆಸುವುದು. ಗುಡ್ಡೆಕಣ್ಣು, ಹೊರಚಾಚಿದ ನಾಲಗೆ. ಆ ವರ್ಷ ಭೀಖಾಭಾಯಿ ತನ್ನ ಗಾಡಿಗೆ ಎಲ್ಲರಿಗಿಂತ ಬೇರೆ ರಾಕ್ಷಸ ಬೇಕೆಂದು ಕೇಳಿದ್ದ. ಛಗನ್‌ಕಾಕಾ ಅದಕ್ಕೆ ತಲೆಯ ಮೇಲೆ ಎದ್ದು ನಿಂತ ಕಪ್ಪು ಜುಟ್ಟು ಮಾಡಿಕೊಟ್ಟರು. ಭೀಖಾಭಾಯಿ ಸೌರಾಷ್ಟ್ರದ ಕಡೆಯವನು, ಉದ್ದನೆಯ ಮೀಸೆ, ನಮ್ಮ ಯಾರ್ಡಿನ ಹಳೆಯ ಡ್ರೈವರು. ದಿನಾ ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆ ಆ ರಾಕ್ಷಸನ ಮುಖ ಒರೆಸಿ ನಮಸ್ಕಾರ ಮಾಡುತ್ತಿದ್ದ.

ಲಾಭ ಪಂಚಮಿ ಕಳೆದು ಗಾಡಿಗಳು ಓಡಾಡತೊಡಗಿದವು. ಭೀಖಾಭಾಯಿಯ ಗಾಡಿ ಸೂರತ್ತಿನಿಂದ ವಾಪಸು ಬಂದಾಗ ಪಿನಿಯನ್ ಸೀಲ್ ಸೋರಿತ್ತು. ಹೊಸದು ಹಾಕಿದೆ. ಸುತ್ತ ಓಡಿಸಿ ನೋಡಿದೆವು, ಹನಿ ಇಲ್ಲ. ಮುಂದಿನ ಸರ್ತಿ ಹೋಗಿಬಂತು, ಮತ್ತೆ ಸೋರಿತ್ತು. ಮತ್ತೆ ಹಾಕಿದೆ. ಫ್ಲ್ಯಾಂಜಿನ ಮೇಲೆ ಸಣ್ಣ ಗೀರಿತ್ತು, ಕಾಂತಿಭಾಯಿ ಅದನ್ನು ನುಣುಪು ಮಾಡಿಸಿ ಕೊಟ್ಟರು. ಯಾರ್ಡಿನಲ್ಲಿ ನಿಂತಾಗ ಒಣಗಿದ್ದದ್ದು ಸೂರತ್ತಿಗೆ ಹೋಗಿಬಂದರೆ ಮತ್ತೆ ಒದ್ದೆ.

ಸೇಠ್ ತಾವೇ ವರ್ಕ್‌ಶಾಪಿಗೆ ಬಂದರು. ನನ್ನ ಕಡೆ ನೋಡಲಿಲ್ಲ, ಕಾಂತಿಭಾಯಿಗೆ ಹೇಳಿದರು.

"ಇಷ್ಟ ದಿನಾ ಸೋರದ್ದು ಈಗ್ಯಾಕ ಸೋರತೈತಿ ಮಿಸ್ತ್ರಿ? ಸೀಲ್ ಹಾಕೋ ಕೈ ಬದಲಾಗಿದ್ದಕ್ಕಲ್ಲೇನು? ಇನ್ನೊಂದ್ ಸರ್ತಿ ಆ ಗಾಡಿ ಎಣ್ಣಿ ಸುರಿಸ್ಕೊಂಡ್ ಬಂದ್ರ ಈಕೀನ ಮತ್ತ ಆ ತಟ್ಟಿಗೆ ಕಳಸ್ರಿ. ಅಲ್ಲಿ ಬ್ಯಾಡ ಅಂದ್ರ ಮನಿಗೆ."

ಕಾಂತಿಭಾಯಿ ಏನೋ ಹೇಳಲು ಹೋದರು. ಸೇಠ್ ನಿಲ್ಲಲಿಲ್ಲ.

ತಟ್ಟೆ ಎಂದರೆ ಡೀಸೆಲ್. ನನ್ನ ಕೈ ಅದನ್ನು ಇನ್ನೊಮ್ಮೆ ತಡೆಯುವುದಿಲ್ಲವೆಂದು ಗೊತ್ತಿತ್ತು. ಅಂದರೆ ಕೆಲಸ ಹೋದಂತೆಯೇ. ಆ ಭಾನುವಾರ ಅಣ್ಣ ಬಂದಿದ್ದ, ಸುದ್ದಿ ನಿಮ್ಮಪ್ಪನ ಬಾಯಿಂದ ಕೇಳಿದ. "ಲಾರಿ ಬುಡಕ ಮಲಗೋದು ನಮ್ಮ ಮನೆತನದಾಗ ಯಾರ ಮಾಡ್ಯಾರವ್ವಾ? ಸಾಕು ಮಾಡು. ಹುಡುಗ್ರ ಶಾಲಿ ದಾಖಲೆ ತಗೊ, ಚಾಂದ್‌ಖೇಡಾಕ್ಕ ಹೋಗೂಣು" ಎಂದ. ನಾನು "ಒಂದ್ ವಾರ ತಡಿಯೋ ಅಣ್ಣಾ" ಎಂದೆ. ಒಂದು ವಾರದಲ್ಲಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಸೋಮವಾರ ಕಾಂತಿಭಾಯಿ ನನ್ನನ್ನೂ ಭೀಖಾಭಾಯಿಯನ್ನೂ ಕರೆದರು. ಅವತ್ತು ಭೀಖಾಭಾಯಿ ಸೂರತ್ತಿನ ಕತಾರ್‌ಗಾಮ್‌ಗೆ ಒಂದು ಮಷಿನ್ ಒಯ್ಯಬೇಕಿತ್ತು.

"ಬ್ರೀದರ್ ಸ್ವಚ್ಛ ಐತೇನೋ ಭೀಖಾ?" ಎಂದು ಕೇಳಿದರು. ಆಕ್ಸಲ್ಲಿನ ಮೇಲೆ ಗೋಲಾದ ನೆತ್ತಿಗೆ ಹತ್ತಿಕೊಂಡು ಒಂದು ಸಣ್ಣ ಟೋಪಿ ಇರುತ್ತದೆ. ಒಳಗೆ ಎಣ್ಣೆ ಕಾದಾಗ ಗಾಳಿ ಅದರಿಂದ ಹೊರಗೆ ಹೋಗುತ್ತದೆ. ಅದೇ ಬ್ರೀದರು.

"ದಿನಾ ಒರಸ್ತೇನ್ರಿ ಮಿಸ್ತ್ರಿ. ಮುಖ ನೋಡ್ಕೋಬಹುದು, ಹಂಗ ಹೊಳೀತೈತಿ."

"ಹಂಗಾರ ಬೆನ್, ನೀ ಗಾಡಿ ಹತ್ತು. ನಿಂತ ಗಾಡಿ ಸುಳ್ಳ ಹೇಳತೈತಿ. ಓಡೋ ಗಾಡಿ ಕೂಡ ಹೋಗಿ ಎಲ್ಲಿ ಸೋರತೈತಿ, ಯಾವಾಗ ಸೋರತೈತಿ, ಕಣ್ಣಾರೆ ನೋಡ್ಕೊಂಡ್ ಬಾ."

ಲಾರಿಯ ಕೆಳಗೆ ಮಲಗಲು ನನಗೆ ನಾಚಿಕೆ ಇರಲಿಲ್ಲ, ಅಲ್ಲಿ ಯಾರೂ ನೋಡುವುದಿಲ್ಲ. ಆದರೆ ಕ್ಯಾಬಿನ್ನಿನಲ್ಲಿ ಮೇಲೆ ಕುಳಿತು ಹೆದ್ದಾರಿಯ ಮೇಲೆ ಸೂರತ್ತಿನವರೆಗೆ! ಕಾಂತಿಭಾಯಿ ತಮ್ಮ ಊಟದ ಡಬ್ಬಿಯ ಥೇಪ್ಲಾವನ್ನು, ಅವರ ಕಡೆಯ ಮೆಂತ್ಯದ ಚಪಾತಿಯನ್ನು, ನನ್ನ ಕೈಗೆ ಕೊಟ್ಟರು. "ಹೋಗು. ಮಕ್ಕಳನ್ನ ನಮ್ಮನಿಯಾಕಿ ನೋಡ್ಕೊಂತಾಳ."

ಹತ್ತಿದೆ. ಕರಜಣ ದಾಟುವವರೆಗೆ ಸೆರಗು ಮುಖಕ್ಕೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿಯೇ ಕುಳಿತಿದ್ದೆ. ಭೀಖಾಭಾಯಿ ಪಾಪ, ಸ್ಟೇರಿಂಗಿನಿಂದ ಕಣ್ಣು ತೆಗೆಯಲಿಲ್ಲ. ಅವನಿಗೂ ನನ್ನಷ್ಟೇ ಮುಜುಗರವಾಗಿತ್ತು. ಒಂದೇ ಒಂದು ಸಲ ಮಾತಾಡಿದ.

"ಬೆನ್, ನಾ ಹೊಡಿಯೋದು ಜೋರಾತೇನ್ರಿ?"

"ಇಲ್ಲ."

"ನನ್ನ ಹೇಂತಿ ಎತ್ತಿನ ಗಾಡಿ ಇದಕ್ಕಿಂತ ಜೋರ್ ಅಂತಾಳ."

ನನಗೆ ನಗು ಬಂತು. ಆಮೇಲೆ ಸೆರಗು ಸರಿಸಿ ರಸ್ತೆ ನೋಡಿದೆ.

ಭರೂಚಿನ ಹತ್ತಿರ ನರ್ಮದಾ ಸೇತುವೆಗೆ ಮುಂಚೆ ಲಾರಿಗಳ ಸಾಲು ನಿಂತುಬಿಟ್ಟಿತ್ತು. ಭೀಖಾಭಾಯಿ ಬದಿಗೆ ಹಾಕಿದ. ನಾನು ಗೋಣಿಚೀಲ ಎಳೆದುಕೊಂಡು ಕೆಳಗೆ ಹೋದೆ. ಗೋಲಾ ಮುಟ್ಟಲಾಗದಷ್ಟು ಕಾದಿತ್ತು. ಮೂಗಿನ ಕೆಳಗೆ ಎಣ್ಣೆ ಹೊಸದಾಗಿ ಇಳಿದು ಹನಿ ಹನಿಯಾಗಿ ಬೀಳುತ್ತಿತ್ತು.

ಭೀಖಾಭಾಯಿ ಬಗ್ಗಿ ನೋಡಿ, "ಕಂಡತೇನ್ರಿ? ನಾ ಸುಳ್ಳ ಹೇಳಾಕತ್ತೇನಿ ಅಂತಿದ್ರಲ್ಲ ಎಲ್ಲಾರೂ" ಎಂದ.

ನನಗೆ ಅಳು ಬರುವಂತಾಗಿತ್ತು. ಎಣ್ಣೆ ಹೆಚ್ಚಾಗಿ ತುಂಬಿದ್ದಾರೋ ನೋಡೋಣವೆಂದು ಗೋಲಾದ ಮೇಲಿನ ಎಣ್ಣೆ ಹಾಕುವ ಪ್ಲಗ್ಗನ್ನು ಮುಖ ಪಕ್ಕಕ್ಕೆ ಇಟ್ಟುಕೊಂಡು ಸ್ವಲ್ಪ ಸಡಿಲಿಸಿದೆ. ಬುಸ್ ಎಂದು ಹಾವಿನಂತೆ ಸದ್ದಾಯಿತು. ಬಹಳ ಹೊತ್ತು ಬುಸುಗುಡುತ್ತಲೇ ಇತ್ತು. ಮೂಗಿನಿಂದ ಬೀಳುತ್ತಿದ್ದ ಹನಿ ನಿಧಾನವಾಯಿತು, ಆಮೇಲೆ ನಿಂತಿತು.

ನಾನು ಅಲ್ಲೇ ಮಲಗಿ ಅದನ್ನೇ ನೋಡಿದೆ. ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಒಳಗಿನ ಹಬೆ ಎಲ್ಲಿ ತೆಳ್ಳಗಿದೆಯೋ ಅಲ್ಲಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ರೊಟ್ಟಿ ಎಷ್ಟೇ ಸಮನಾಗಿ ಬಡಿ, ತೆಳ್ಳನೆಯ ಜಾಗ ಒಂದು ಇದ್ದೇ ಇರುತ್ತದೆ. ಈ ಗಾಡಿಯಲ್ಲಿ ತೆಳ್ಳನೆಯ ಜಾಗ ನನ್ನ ಸೀಲಿನ ತುಟಿ. ಹಬೆಗೆ ಬೇರೆ ದಾರಿ ಇದ್ದಿದ್ದರೆ ಅದು ಇಲ್ಲೇಕೆ ಬರುತ್ತಿತ್ತು?

"ಭೀಖಾಭಾಯಿ, ಬ್ರೀದರ್ ಎಲ್ಲೈತಿ ತೋರಸ್ರಿ" ಎಂದೆ.

"ಮ್ಯಾಲ ಐತಲ್ಲ. ಇವತ್ತ ಮುಂಜಾನೂ ಒರಸೇನಿ." ಹಿಂದಿನಿಂದ ಬಂದು ಬೆರಳು ಮಾಡಿದ. "ಅಕಾ, ಜುಟ್ಟಿನ ಹಂತ್ಯಾಕ…"

ಅವನ ಬೆರಳು ಅಲ್ಲಿಯೇ ನಿಂತಿತು. ಜುಟ್ಟಿನ ಹತ್ತಿರ ಬೇರೇನೂ ಇರಲಿಲ್ಲ, ಜುಟ್ಟೇ ಇತ್ತು. ಛಗನ್‌ಕಾಕಾ ಬ್ರೀದರಿನ ಟೋಪಿಗೆ ಲಾಂಬಿ, ಅಂದರೆ ಬಣ್ಣದವರ ಪುಟ್ಟಿ, ಮೆತ್ತಿ, ಚೂಪು ಮಾಡಿ, ಮೇಲೆ ಕಪ್ಪು ಬಣ್ಣ ಬಳಿದು ರಾಕ್ಷಸನಿಗೆ ಜುಟ್ಟು ಮಾಡಿದ್ದರು. ಎದ್ದು ನಿಲ್ಲಲು ಅದಕ್ಕೆ ಒಳಗೆ ಏನಾದರೂ ಆಧಾರ ಬೇಕಲ್ಲ.

ಭೀಖಾಭಾಯಿ ರಸ್ತೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟ. "ದಿನಾ ಜುಟ್ಟ ಒರಸಾಕತ್ತಿದ್ನೇನ್ ನಾ" ಎಂದ. ಆಮೇಲೆ, "ಬೆನ್, ಇದನ್ನ ಒಡೀಬೇಕ್ರೀ?"

"ಒಡೀಬೇಕು."

"ಇಂವ ಬಂದ ಮ್ಯಾಲ ನನ್ನ ಗಾಡಿಗೆ ಒಂದ್ ಗೀರೂ ಬಿದ್ದಿಲ್ಲ."

ಅವನೇ ಚಪ್ಪಲಿ ಬಿಟ್ಟು ಕೈ ಮುಗಿದು, ರಾಕ್ಷಸನಿಗೆ ಏನೋ ಹೇಳಿಕೊಂಡು, ನನ್ನ ಕೈಯಿಂದ ಉಳಿ ತೆಗೆದುಕೊಂಡ. ಎರಡು ಏಟಿಗೆ ಲಾಂಬಿ ಪದರಾಗಿ ಎದ್ದಿತು. ಒಳಗಿನ ಟೋಪಿ ಬಣ್ಣ ಕುಡಿದು ಗಟ್ಟಿಯಾಗಿತ್ತು. ಪಕ್ಕಡಿನಿಂದ ಹಿಡಿದು ತಿರುಗಿಸಿ ತಿರುಗಿಸಿ, ತಂತಿಯಿಂದ ಕೆರೆದು ಸಡಿಲ ಮಾಡಿದೆ. ಎಣ್ಣೆಯ ಮಟ್ಟ ಸರಿ ಮಾಡಿ, ಪ್ಲಗ್ ಬಿಗಿದು, ಮೂಗನ್ನು ಒಣಗುವ ಹಾಗೆ ಒರೆಸಿದೆ. ಹಿಂದಿನ ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು. ಸಾಲು ಸರಿದಿತ್ತು.

ಸೇತುವೆ ದಾಟುವಾಗ ನನ್ನ ಮನಸ್ಸಿನಲ್ಲಿ ಒಂದೇ ಚಿಂತೆ. ಒತ್ತಡದಿಂದ ಸೀಲಿನ ತುಟಿ ಆಗಲೇ ಹಾಳಾಗಿದ್ದರೆ? ಹಾಗಾಗಿದ್ದರೆ ಗಾಡಿ ಸೋರಿಕೊಂಡೇ ವಾಪಸು ಬರುತ್ತದೆ. ಬ್ರೀದರಿನ ಕತೆ ಹೇಳಿದರೆ ಸೇಠ್ ನೆಪ ಎನ್ನುತ್ತಾರೆ. ಅಂಕಲೇಶ್ವರ, ಕೀಮ್, ಎಲ್ಲಿಯೂ ನಾನು ಇಳಿದು ನೋಡಲಿಲ್ಲ. ನೋಡಲು ಧೈರ್ಯವಾಗಲಿಲ್ಲ. ಭೀಖಾಭಾಯಿಯೂ ನಿಲ್ಲಿಸಲೇ ಎಂದು ಕೇಳಲಿಲ್ಲ.

ಕತಾರ್‌ಗಾಮ್‌ನ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಷಿನ್ ಇಳಿಸಲು ಹೊತ್ತು ಹಿಡಿಯುತ್ತದೆ ಎಂದರು. ಆ ಕಾರ್ಖಾನೆಯ ಬಾಗಿಲಲ್ಲಿ ತುಂಡು ಬಟ್ಟೆಗಳ ರಾಶಿ ಬಿದ್ದಿತ್ತು. ಬಣ್ಣ ಹಾಕದ ಬಿಳಿಯ ತುಂಡೊಂದನ್ನು ಅಲ್ಲಿದ್ದ ಹೆಂಗಸಿಗೆ ಕೈಸನ್ನೆ ಮಾಡಿ ಕೇಳಿದೆ. ತಗೋ ಎಂದು ಕೊಟ್ಟಳು. ಅದನ್ನು ಗೋಲಾದ ಮೂಗಿನ ನೇರ ಕೆಳಗೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು ಬಂದು ಕಟ್ಟೆಯ ಮೇಲೆ ಕುಳಿತೆ.

ಭೀಖಾಭಾಯಿ ಎದುರಿನ ತಿಂಡಿಯ ಕೈಗಾಡಿಯಿಂದ ಎರಡು ತಟ್ಟೆ ಲೋಚೋ ತಂದ. ಕಡಲೆಬೇಳೆಯ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಮುದ್ದೆಯಂತಿರುವಾಗಲೇ ಮೇಲೆ ಎಣ್ಣೆ ಸುರಿದು ಕೊಡುತ್ತಾರೆ, ಸೂರತ್ತಿನವರ ತಿಂಡಿ. ನನ್ನ ತಟ್ಟೆ ಹಾಗೆಯೇ ಉಳಿಯಿತು. ಮಷಿನ್ ಇಳಿದು, ಹಗ್ಗ ಸುತ್ತಿ ಆಯಿತು. ಭೀಖಾಭಾಯಿ, "ನೀವ ನೋಡ್ರಿ, ನಾ ಒಲ್ಲೆ" ಎಂದು ಬೆನ್ನು ತಿರುಗಿಸಿ ನಿಂತ. ನಾನು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಬಗ್ಗಿ ಕೆಳಗೆ ಹೋದೆ.

ಬಟ್ಟೆ ಬೆಳ್ಳಗಿತ್ತು. ಮೂಗಿನ ಕೆಳಗೆ ಬೆರಳಾಡಿಸಿದೆ, ಧೂಳು ಮಾತ್ರ ಹತ್ತಿತು. ಒಣ ಧೂಳು.

"ಏನಾತ್ರಿ?" ಎಂದು ಭೀಖಾಭಾಯಿ ಕೂಗಿದ.

ಬಟ್ಟೆಯನ್ನು ಹೊರಗೆ ಚಾಚಿ ಹಿಡಿದೆ.

ಮಕರಪುರಕ್ಕೆ ಮರಳಿದಾಗ ಅಲ್ಲಿಯೂ ಮೂಗು ಒಣಗಿತ್ತು. ಕಾಂತಿಭಾಯಿ ಎಲ್ಲವನ್ನೂ ಕೇಳಿಸಿಕೊಂಡು, ಮೊದಲು ಬಣ್ಣದವರನ್ನು ಬಯ್ದು, ಆಮೇಲೆ ಒರೆಸಿದವನನ್ನು ಬಯ್ದು, ಕೊನೆಗೆ "ನಾನಾದರೂ ಬಗ್ಗಿ ನೋಡ್ಬೇಕಿತ್ತು, ಈ ಹೊಟ್ಟಿ ಬಗ್ಗಾಕ ಬಿಡಲಿಲ್ಲ" ಎಂದು ಹೊಟ್ಟೆಯನ್ನೂ ಬಯ್ದರು. ಬಟ್ಟೆ ಹಿಡಿದು ನನ್ನನ್ನು ಸೇಠ್‌ರ ಕೋಣೆಗೆ ಕರೆದುಕೊಂಡು ಹೋದರು. ಸೇಠ್ ಅದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ನೋಡಿದರು.

"ಇದ್ರಾಗ ಏನೂ ಇಲ್ಲಲ್ಲೋ ಮಿಸ್ತ್ರಿ?"

"ಅದನ್ನ ತೋರ್ಸಾಕ ತಂದೇವ್ರಿ ಸೇಠ್."

ಸೇಠ್ ಬಟ್ಟೆಯನ್ನು ಮಡಚಿ ನನ್ನ ಕೈಗೇ ಕೊಟ್ಟು, "ಉಳದ ಗಾಡಿ ಬ್ರೀದರೂ ನೋಡಿಬಿಡು ಬೆನ್" ಎಂದರು. ನನ್ನ ಜೊತೆ ಅವರು ನೇರವಾಗಿ ಆಡಿದ ಮೊದಲ ಕೆಲಸದ ಮಾತು ಅದು. ತಟ್ಟೆಯ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ. ಅಣ್ಣನಿಗೆ ನಿಮ್ಮಪ್ಪನ ಕೈಯಿಂದ ಕಾರ್ಡು ಬರೆಸಿದೆ: ನಾವು ಇಲ್ಲೇ ಇರುತ್ತೇವೆ, ಸಂಕ್ರಾಂತಿಗೆ ನೀವೇ ಬನ್ನಿ, ರೊಟ್ಟಿ ಮಾಡುತ್ತೇನೆ. ಬಂದರು.

ಉಳಿದದ್ದು ಛಗನ್‌ಕಾಕಾರ ಜಗಳ. ಮುಂದಿನ ದೀಪಾವಳಿಗೆ ಜುಟ್ಟು ಮಾಡಬಾರದು ಎಂದಾಗ ಅವರು ಕುಂಚವನ್ನು ಡಬ್ಬಿಗೆ ಎಸೆದು, "ಲಾರಿ ನಿಮ್ಮದು, ರಾಕ್ಷಸ ನಂದು" ಎಂದರು. ಚಹಾ ಕುಡಿಸಿದ ಮೇಲೆ ಒಪ್ಪಿದರು. ಆ ವರ್ಷ ಎಲ್ಲ ರಾಕ್ಷಸರೂ ಬೋಳುತಲೆಯವರು. ಕೇಳಿದವರಿಗೆಲ್ಲ "ಮುಂಡನ ಮಾಡಿಸ್ಯಾರ, ಹೊಸ ವರ್ಷಕ್ಕ" ಎನ್ನುತ್ತಿದ್ದರು. ಬಣ್ಣ ಹಚ್ಚುವ ಮುಂಚೆ ನಾನು ಪ್ರತಿ ಟೋಪಿಗೂ ಚಿಂದಿ ಸುತ್ತಿ ದಾರ ಕಟ್ಟುತ್ತಿದ್ದೆ. ಬಣ್ಣ ಒಣಗಿದ ಮೇಲೆ ಬಿಚ್ಚಿ, ಟೋಪಿ ತಿರುಗುತ್ತದೋ ಇಲ್ಲವೋ ಕೈಯಿಂದ ನೋಡುತ್ತಿದ್ದೆ. ಅದು ಕ್ರಮೇಣ ಒಂದು ಪದ್ಧತಿಯೇ ಆಯಿತು. ಲಾಭ ಪಂಚಮಿಯ ದಿನ ತೆಂಗಿನಕಾಯಿ ಹಿಡಿದು ನಿಂತ ಸೇಠ್, "ಬೆನ್ ಟೋಪಿ ತಿರುಗಿಸಿದ್ಲೇನು?" ಎಂದು ಕೇಳಿ ಆಮೇಲೆಯೇ ಕಾಯಿ ಒಡೆಯುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡುತ್ತಾರಲ್ಲ ಎಂದು ನಾನು ಜನ ಸೇರುವ ಮುಂಚೆಯೇ ಹೋಗಿ ಆ ಕೆಲಸ ಮುಗಿಸಿ, ಹಿಂದಿನ ಸಾಲಿನಲ್ಲಿ ನಿಂತಿರುತ್ತಿದ್ದೆ.

ಈಗಿನ ಗಾಡಿಗಳಲ್ಲಿ ಬ್ರೀದರಿಗೆ ಕೊಳವೆ ಹಾಕಿ ಎತ್ತರಕ್ಕೆ ಒಯ್ದಿರುತ್ತಾರಂತೆ. ಆದರೂ ಮೇಘಾ, ಒಂದೇ ಸೀಲ್ ಮತ್ತೆ ಮತ್ತೆ ಸೋರಿದರೆ ಸೀಲಿನ ಮೇಲೆ ಸಿಟ್ಟು ಮಾಡಬೇಡ, ಹಾಕಿದವರ ಮೇಲೂ ಬೇಡ. ಒಳಗಿನ ಉಸಿರು ಎಲ್ಲಿಂದ ಹೋಗಬೇಕಿತ್ತು ಎಂದು ಹುಡುಕು. ಗಾಡಿಯನ್ನು ಕಾಯಿಸಿ ನೋಡು. ಒರೆಸಿದ್ದೇನೆ ಎಂದು ಯಾರಾದರೂ ಹೇಳಿದರೆ, ಏನನ್ನು ಒರೆಸಿದ್ದಾರೆ ಎಂದು ಹೋಗಿ ನೋಡು.

ಈ ಹಾಳೆಗಳನ್ನು ಆ ಕತಾರ್‌ಗಾಮ್‌ನ ಬಟ್ಟೆಯಲ್ಲಿಯೇ ಸುತ್ತಿ ಕಳಿಸುತ್ತಿದ್ದೇನೆ. ಹಾಳೆ, ಬಟ್ಟೆ ಎರಡನ್ನೂ ನಿಮ್ಮಲ್ಲಿಯೇ ಇಟ್ಟುಕೊಳ್ಳಿ, ಕಳೆಯಬೇಡಿ. ವರ್ಕ್‌ಶಾಪಿಗೆ ಒಯ್ದು ಓದಿದರೂ ಅಡ್ಡಿಯಿಲ್ಲ, ಗ್ರೀಸಿನ ಕೈ ಹತ್ತಿದರೆ ನನಗೇನೂ ಬೇಸರವಿಲ್ಲ. ಬಟ್ಟೆಯ ಒಂದು ಮೂಲೆಯಲ್ಲಿ ಹಳದಿ ಕಲೆ ಕಾಣುತ್ತದೆ, ಅವತ್ತು ಅದು ಸೇಠ್‌ರ ಬೆರಳ ಕೆಳಗೆ ಮುಚ್ಚಿಹೋಗಿತ್ತು. ಸೀಲ್ ಸೋರಿತ್ತು ಎಂದು ತಿಳಿಯಬೇಡಿ. ಅದು ನನ್ನ ಕೈಯಿಂದ ಬಿದ್ದ ಲೋಚೋ.

ನಿಮ್ಮ ಅಜ್ಜಿ
ಗಿರಿಜವ್ವ